ಷಡ್ಡಕನ ಕರುಳು ಮತ್ತು ಮೊದಲ ಮುದ್ದೆ

ನನ್ನ ಹೆಂಡತಿಯ ತವರು ಡೆಂಕಣಿಕೋಟೆಯಿಂದ ಒಳಗೆ, ಕಾಡಂಚಿನ ಒಂದು ಹಳ್ಳಿಯಲ್ಲಿದೆ. ಆ ಮನೆಯಲ್ಲಿ ಮುದ್ದೆ ತೊಳಸಿ ಇಳಿಸಿದ ಮೇಲೆ ಮೊದಲು ಕಟ್ಟಿದ ಮುದ್ದೆ ದೊಡ್ಡ ಅಳಿಯನ ತಟ್ಟೆಗೆ ಹೋಗಬೇಕು. ಅವನು ಅದನ್ನು ಮುರಿದು ಒಂದು ತುತ್ತು ನುಂಗುವವರೆಗೆ ಉಳಿದವರು ತಟ್ಟೆಗೆ ಕೈ ಹಾಕುವುದಿಲ್ಲ. ಮಾವನೂ ಹಾಕುವುದಿಲ್ಲ. ಅವರು ಹೊಲದಿಂದ ಬಂದು ಕೈಕಾಲು ತೊಳೆದು ಎಲ್ಲರಿಗಿಂತ ಕೊನೆಗೆ ಕೂರುವವರು. ಯಾಕೆ ಹೀಗೆ ಎಂದು ನಾನು ಒಮ್ಮೆ ಕೇಳಿದ್ದೆ. "ಹಂಗೇ ನಡ್ಕಂಡ್ ಬಂದೈತೆ" ಎಂದರು ಅತ್ತೆ. ಅದಕ್ಕಿಂತ ಹೆಚ್ಚಿನ ವಿವರ ಸಿಗಲಿಲ್ಲ.

ದೊಡ್ಡ ಅಳಿಯ ನಾನು. ಮದುವೆಯಾದ ಹೊಸದರಲ್ಲಿ ಈ ಮರ್ಯಾದೆ ಮುಜುಗರ ತರುತ್ತಿತ್ತು. ಎಲ್ಲರೂ ನನ್ನ ಗಂಟಲನ್ನೇ ನೋಡುತ್ತಾ ಕೂತಿರುವಾಗ ಬಿಸಿ ಮುದ್ದೆ ನುಂಗುವುದು ಸುಲಭವಲ್ಲ. ಆಮೇಲೆ ಅಭ್ಯಾಸವಾಯಿತು. ಅಭ್ಯಾಸವಾದ ಮೇಲೆ ಅದರ ಕಡೆ ಗಮನವೇ ಹೋಗಲಿಲ್ಲ. ಕಳೆದ ವರ್ಷ ಅವರೆಕಾಯಿ ಕಾಲದಲ್ಲಿ ಆ ಮುದ್ದೆ ನನ್ನ ಪಕ್ಕದ ತಟ್ಟೆಗೆ ಬಿದ್ದಾಗಲೇ ಅದು ನನಗೆ ಎಷ್ಟು ಬೇಕಾಗಿತ್ತು ಎಂದು ತಿಳಿದದ್ದು.

ಪಕ್ಕದ ತಟ್ಟೆ ನನ್ನ ಷಡ್ಡಕನದು, ಅಂದರೆ ನಾದಿನಿಯ ಗಂಡನದು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ನನಗಿಂತ ಆರು ವರ್ಷ ಚಿಕ್ಕವನು, ಅರ್ಧ ಅಡಿ ಎತ್ತರ, ದನಿಯೂ ಅಷ್ಟೇ ಎತ್ತರ. ನನ್ನನ್ನು ಅಣ್ಣ ಎಂದು ಕರೆಯುತ್ತಾನೆ. ನಾನು ಹೊಸೂರಿನಿಂದ ಒಂದು ಕನ್ನಡ ದಿನಪತ್ರಿಕೆಗೆ ಸುದ್ದಿ ಕಳಿಸುವವನು. ಕೃಷ್ಣಗಿರಿಯ ಕಲೆಕ್ಟರ್ ಕಚೇರಿ, ಕೋರ್ಟು, ಮಾವಿನ ಮಂಡಿ, ಸಾನಮಾವು ಕಾಡಿನ ಆನೆಗಳು ಎಲ್ಲವೂ ನನ್ನ ಪಾಲಿಗೆ ಬರುತ್ತವೆ. ಕಂಡದ್ದನ್ನು ಕಂಡಷ್ಟೇ ಬರೆಯಬೇಕು, ಕೇಳಿದ್ದನ್ನು ಇನ್ನೊಬ್ಬರ ಬಳಿ ಖಚಿತ ಮಾಡಿಕೊಳ್ಳಬೇಕು ಎಂಬುದು ನಾನು ಈ ಕೆಲಸದಲ್ಲಿ ಕಲಿತ ಮೊದಲ ಪಾಠ. ಮುಂದೆ ಬರೆಯುತ್ತಿರುವ ಸಂಗತಿಯಲ್ಲಿ ಆ ಪಾಠವನ್ನು ನಾನು ಪಾಲಿಸಲಿಲ್ಲ.

ನಮ್ಮಿಬ್ಬರಿಗೂ ಬಂದದ್ದು ಒಂದೇ ಕಾಯಿಲೆ. ಮೊದಲು ಅವನಿಗೆ, ಎರಡೂವರೆ ವರ್ಷದ ಹಿಂದೆ, ಮಾವಿನ ಕಾಲದಲ್ಲಿ. ಮೂರು ದಿನ ಆಸ್ಪತ್ರೆಯಲ್ಲಿದ್ದು ಬಂದ. ಅದಾಗಿ ಒಂದೂವರೆ ವರ್ಷಕ್ಕೆ, ದೀಪಾವಳಿ ಮುಗಿದ ವಾರದಲ್ಲಿ, ನನಗೆ. ಹೊಟ್ಟೆಯ ಕೆಳಗೆ ಎಡಬದಿಯಲ್ಲಿ ನೋವು ಶುರುವಾಗಿ ಬಿಡಲೇ ಇಲ್ಲ, ಜ್ವರವೂ ಬಂತು. ಸ್ಕ್ಯಾನ್ ಮಾಡಿದ ಡಾಕ್ಟರು ಹಾಳೆಯೊಂದರ ಮೇಲೆ ಕರುಳಿನ ಚಿತ್ರ ಬರೆದು ತೋರಿಸಿದರು. ದೊಡ್ಡ ಕರುಳಿನ ಗೋಡೆ ಅಲ್ಲಲ್ಲಿ ಸಡಿಲವಾಗಿ ಪುಟ್ಟ ಚೀಲಗಳಂತೆ ಹೊರಕ್ಕೆ ಉಬ್ಬಿರುತ್ತದೆ. ವಯಸ್ಸಾಗುತ್ತಾ ಎಷ್ಟೋ ಜನರಲ್ಲಿ ಈ ಚೀಲಗಳು ಇರುತ್ತವೆ, ಸುಮ್ಮನೆ ಇರುತ್ತವೆ. ಅವುಗಳಲ್ಲಿ ಯಾವುದಾದರೂ ಒಂದು ಊದಿಕೊಂಡು ಕೆರಳಿದರೆ ಅದಕ್ಕೆ ಡೈವರ್ಟಿಕ್ಯುಲೈಟಿಸ್ ಎಂದು ಹೆಸರು. ಮನೆಯಲ್ಲಿ ಆ ಹೆಸರನ್ನು ಯಾರೂ ಬಾಯಲ್ಲಿ ಆಡಲಿಲ್ಲ. ಅತ್ತೆಗೆ ಅದು "ಚೀಲದ್ ನೋವು" ಆಯಿತು, ಹಾಗೆಯೇ ಉಳಿಯಿತು.

ಆಸ್ಪತ್ರೆಯಿಂದ ಹೊರಡುವ ದಿನ ನಾನು ಡಾಕ್ಟರನ್ನು ಕೇಳಿದೆ: "ಮತ್ತೆ ಬರುತ್ತಾ?"

"ಬರದೇ ಇರಬಹುದು ಸಾರ್. ಬರಲೂಬಹುದು. ಆರೆಂಟು ವಾರ ಬಿಟ್ಟು ಬನ್ನಿ. ಟ್ಯೂಬ್ ಹಾಕಿ ಒಳಗೆ ಒಂದು ಸಲ ನೋಡ್ಬೇಕು. ಆಮೇಲೆ ಕೂತು ಮಾತಾಡೋಣ."

ಸಾನಮಾವಿಗೆ ಆನೆ ಹಿಂಡು ಬಂದು ಹೋದಾಗಲೆಲ್ಲ ನಾನು ಕಾಡಿನ ವಾಚರನ್ನು ಇದೇ ಪ್ರಶ್ನೆ ಕೇಳುತ್ತಿದ್ದೆ. "ಬಂದಿದ್ ಗೊತ್ತು, ಹೋಗಿದ್ ಗೊತ್ತು. ತಿರ್ಗಾ ಬತ್ತಾವಾ ಅಂತ ಅವುನ್ನೇ ಕೇಳು" ಎನ್ನುತ್ತಿದ್ದ ಅವನು. ಅದನ್ನು ನಾನು 'ಮತ್ತೆ ಬರುವ ಸಾಧ್ಯತೆ ತಳ್ಳಿಹಾಕುವಂತಿಲ್ಲ' ಎಂದು ಬರೆದು ಕಳಿಸಿ ಮಲಗುತ್ತಿದ್ದೆ. ನನ್ನ ಹೊಟ್ಟೆಯ ವಿಷಯದಲ್ಲಿ ಅದೇ ವಾಕ್ಯ ನಿದ್ದೆ ಕೆಡಿಸಿತು. ಆರೆಂಟು ವಾರದ ನಂತರ ನಾನು ಹೋಗಲಿಲ್ಲ. ಕೆಲಸವಿತ್ತು ಎಂದು ಹೆಂಡತಿಗೆ ಹೇಳಿದೆ. ನಿಜವೆಂದರೆ ಟ್ಯೂಬಿನಲ್ಲಿ ಏನು ಕಾಣುತ್ತದೋ ಎಂಬ ಹೆದರಿಕೆ.

ಚೀಟಿಯಲ್ಲಿ 'ಮೆತ್ತನೆಯ ಆಹಾರ' ಎಂದಿತ್ತು, ಎಷ್ಟು ದಿನ ಎಂದಿರಲಿಲ್ಲ. ಬೇರೆ ಯಾರಾದರೂ ಇಂಥ ವಾಕ್ಯ ಬರೆದು ತಂದಿದ್ದರೆ "ಎಲ್ಲಿಯವರೆಗೆ?" ಎಂದು ಕೇಳಿ ವಾಪಸ್ ಕಳಿಸುತ್ತಿದ್ದೆ. ಇಲ್ಲಿ ಕೇಳಲಿಲ್ಲ. ಅದರ ಮೇಲೆ, ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರನ್ನು ನೋಡಿಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ನನ್ನ ಹೆಂಡತಿಗೆ, ಬೀಜಗಳು ಆ ಚೀಲದೊಳಗೆ ಹೋಗಿ ಕೂತುಬಿಡುತ್ತವೆ, ಅದರಿಂದಲೇ ನೋವು ಎಂದು ಹೇಳಿದ್ದಳು. ಅಷ್ಟು ಸಾಕಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಟೊಮೆಟೊವನ್ನು ಕೊಯ್ದು ಚಮಚದಲ್ಲಿ ಬೀಜ ಕೆರೆದು ತೆಗೆಯುವುದು, ಬದನೆಕಾಯಿಯನ್ನು ಮನೆಯಿಂದಲೇ ದೂರವಿಡುವುದು, ಸೀಬೆಹಣ್ಣಿನ ತಿರುಳನ್ನು ಬಿಸಾಡಿ ಸಿಪ್ಪೆಯ ಕಡೆಯ ಚೂರನ್ನು ನನಗೆ ಕೊಡುವುದು ಶುರುವಾಯಿತು. ಹುಚ್ಚೆಳ್ಳು ಚಟ್ನಿಯ ಡಬ್ಬಿ ಅಟ್ಟ ಸೇರಿತು. ರಾಗಿಯೂ ಒಂದು ಬೀಜವೇ ತಾನೇ ಎಂದು ಹೆಂಡತಿ ಒಂದು ದಿನ ಯೋಚಿಸಿದಳು. ಮುದ್ದೆಯೂ ನಿಂತಿತು. ಬಿಳಿ ಅನ್ನದ ಗಂಜಿ, ಹೆಸರುಬೇಳೆ ಕಟ್ಟು, ಬ್ರೆಡ್ಡು. ಒಂದು ವರ್ಷ.

ಇದೇ ವರ್ಷ ಷಡ್ಡಕ ಏನೇನು ತಿಂದ ಎಂಬುದೂ ನನ್ನ ಬಳಿ ದಾಖಲಾಗಿದೆ. ಬೇಕೆಂದು ಬರೆದಿಟ್ಟದ್ದಲ್ಲ. ನನ್ನ ಪಥ್ಯದ ನೋಟ್‌ಬುಕ್ಕಿನ ಅಂಚಿನಲ್ಲಿ ತಾನಾಗಿ ಸೇರುತ್ತಾ ಹೋಯಿತು. ಯುಗಾದಿಗೆ: ಒಬ್ಬಟ್ಟು ಏಳು. ನಮ್ಮ ಮನೆಗೆ ಬಂದ ಭಾನುವಾರ: ಸೀಬೆಹಣ್ಣು ಮೂರು, ಉಪ್ಪುಕಾರ ಹಚ್ಚಿ, ಬೀಜ ಸಮೇತ. ನಾದಿನಿಯ ಮನೆಯಲ್ಲಿ: ಬದನೆಕಾಯಿ ಎಣ್ಣೆಗಾಯಿ, ಮುದ್ದೆ ಎರಡು, ಮಜ್ಜಿಗೆ. ಊಟ ಮುಗಿದ ಮೇಲೆ ಅವನು ಅಂಗಿಯ ಜೇಬಿನಿಂದ ಒಂದು ಮಾತ್ರೆ ತೆಗೆದು ನೀರಿಲ್ಲದೆ ನುಂಗುತ್ತಿದ್ದ. ಇಡೀ ದಿನ ಮೆಷಿನ್ ಮುಂದೆ ನಿಲ್ಲುವ ಕೆಲಸ, ಬೆನ್ನುನೋವು ಎನ್ನುತ್ತಿದ್ದ. ಮಾತ್ರೆಯನ್ನು ನಾನು ಬರೆದುಕೊಳ್ಳಲಿಲ್ಲ. ತಟ್ಟೆಯ ಮೇಲಷ್ಟೇ ನನ್ನ ಕಣ್ಣಿತ್ತು.

"ನಿಂಗ್ ನೋವು ಮತ್ತೆ ಬರಲೇ ಇಲ್ವಾ?" ಎಂದು ಒಮ್ಮೆ ಕೇಳಿದ್ದೆ.

"ಯಾವ್ ನೋವಣ್ಣ? ಬಂತು, ಮೂರ್ ದಿನ ನೆಂಟ್ರಂಗಿತ್ತು, ಹೋಗ್ಬುಡ್ತು. ಅಡ್ರೆಸ್ಸೇ ಮರ್ತೋಗದೆ ಅದ್ಕೆ."

"ಏನೂ ಪಥ್ಯ ಮಾಡ್ಲಿಲ್ವಾ?"

"ಪಥ್ಯ ಮಾಡಿದ್ರೆ ಕಾಯ್ಲೆಗೆ ಕೊಬ್ಬು ಜಾಸ್ತಿ ಆಯ್ತದೆ ಕಣಣ್ಣ. ನೀನ್ ಅದನ್ನ ಮಾವನ್ ಮನೆ ಅಳಿಯನ್ನ ಸಾಕ್ದಂಗೆ ಸಾಕ್ತಿದೀಯ."

ಹೆಂಗಸರು ನಕ್ಕರು. ನನ್ನ ಹೆಂಡತಿಯ ನಗು ಉಳಿದವರಿಗಿಂತ ಸ್ವಲ್ಪ ಹೊತ್ತು ಹೆಚ್ಚು ಉಳಿಯಿತು. ಮನೆಗೆ ಬಂದ ಮೇಲೆ ಟೊಮೆಟೊ ಬೀಜ ಕೆರೆಯುತ್ತಾ ಅವಳು ಹೇಳಿದಳು: "ನನ್ ತಂಗಿ ಪುಣ್ಯ ಮಾಡವ್ಳೆ. ಮಾಡ್ ಹಾಕಿದ್ನ ಬಾಯ್ತುಂಬ ತಿಂತಾನೆ ಮನುಷ್ಯ. ನಾನ್ ನೋಡಿದ್ರೆ ಬೀಜ ಎಣಿಸ್ಕೊಂಡ್ ಕೂತಿದೀನಿ."

ಅವನಿಗೆ ಮತ್ತೆ ಆ ನೋವು ಬರಲಿ ಎಂದು ಮೊದಲ ಸಲ ಅಂದುಕೊಂಡದ್ದು ಆ ಹೊತ್ತಿನಲ್ಲಿ. ದೊಡ್ಡದೇನೂ ಬೇಡ. ಮೂರು ದಿನದ್ದು ಸಾಕು. ಗಂಜಿ ಕುಡಿಸುವಷ್ಟು.

ಒಂದೇ ಕಾಯಿಲೆ, ಇಬ್ಬರ ಕರುಳು. ಒಬ್ಬ ಲೆಕ್ಕವಿಲ್ಲದೆ ತಿಂದೂ ಆರಾಮವಾಗಿದ್ದ. ಇನ್ನೊಬ್ಬ ಏನೂ ತಿನ್ನದೆಯೂ ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ಹೊಟ್ಟೆಯ ಎಡಬದಿಯನ್ನು ಬೆರಳಿಂದ ಒತ್ತಿ ನೋಡಿಕೊಳ್ಳುತ್ತಿದ್ದ. ಅನ್ಯಾಯ ಎಂಬ ಮಾತನ್ನು ನಾನು ಸುದ್ದಿಯಲ್ಲಿ ಬಳಸುವುದಿಲ್ಲ. ಇಲ್ಲಿ ಬೇರೆ ಮಾತು ಸಿಗುತ್ತಿಲ್ಲ.

ಮಳೆಗಾಲದ ಒಂದು ದಿನ ಕೃಷ್ಣಗಿರಿಯಲ್ಲಿ ಕಲೆಕ್ಟರ್ ಕಚೇರಿಯ ಸಭೆ ಮುಗಿಸಿ ಬಸ್ ನಿಲ್ದಾಣಕ್ಕೆ ಬಂದಾಗ ಅವನು ಕಾಣಿಸಿದ. ಎಳನೀರಿನ ಗಾಡಿಯ ಪಕ್ಕ ನಿಂತಿದ್ದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅಂಗೈಯ ಹಿಂಬದಿಯಲ್ಲಿ ಹತ್ತಿ ಇಟ್ಟು ಅಂಟಿಸಿದ ಬಿಳಿ ಪಟ್ಟಿ. ನನ್ನನ್ನು ನೋಡಿ ಚೀಲವನ್ನು ಇನ್ನೊಂದು ಬದಿಗೆ ಸರಿಸಿದ. ಆಮೇಲೆ ಎಂದಿನ ದನಿ ಬಂತು.

"ಏನಣ್ಣ, ಇಲ್ಲಿ?"

"ನೀನೇನು ಇಲ್ಲಿ?"

"ಟ್ರೈನಿಂಗು. ಕಂಪ್ನಿಯಿಂದ ಕಳ್ಸಿದ್ರು, ಎರಡ್ ದಿನ."

"ಕೈಗೇನಾಯ್ತು?"

"ಮೆಷಿನ್ ತಾಕ್ತು. ಬಿಡಣ್ಣ, ಕಬ್ಬಿಣದ್ ಜೊತೆ ಸಂಸಾರ ಮಾಡೋರಿಗೆ ಇವೆಲ್ಲಾ ಮುತ್ತು ಕೊಟ್ಟಂಗೆ."

ಟ್ರೈನಿಂಗಿಗೆ ಬಂದವನಿಗೆ ಮೆಷಿನ್ ಎಲ್ಲಿ ತಾಕಿತು ಎಂದು ನಾನು ಕೇಳಲಿಲ್ಲ. ಇಪ್ಪತ್ತು ವರ್ಷದಿಂದ ಅಧಿಕಾರಿಗಳ ಬಾಯಿಂದ ಮಾತು ಹೊರಡಿಸುವವನು ನಾನು. ಅವತ್ತು ನನಗೆ ಕಂಡದ್ದು ಇಷ್ಟೇ: ಎರಡು ದಿನ ಹೋಟೆಲ್ ಊಟ ಮಾಡಿಯೂ ಇವನ ಹೊಟ್ಟೆಗೆ ಏನೂ ಆಗಿಲ್ಲ. ಬಸ್ಸಿನಲ್ಲಿ ಒಬ್ಬನೇ ಕೂತು ಬ್ರೆಡ್ಡು ತಿಂದೆ.

ಈ ವರ್ಷ ಅವರೆಕಾಯಿ ಬರುವ ಹೊತ್ತಿಗೆ ನನ್ನ ದಿನಗಳ ಎಣಿಕೆ ಶುರುವಾಗಿತ್ತು. ಹಿತಕಬೇಳೆ ಸಾರಿನ ಊಟಕ್ಕೆ ವರ್ಷಕ್ಕೊಮ್ಮೆ ಎರಡೂ ಸಂಸಾರ ಅತ್ತೆಯ ಮನೆಯಲ್ಲಿ ಸೇರುತ್ತೇವೆ. ಹಿಂದಿನ ದಿನ ಕಾಳನ್ನು ನೆನೆಹಾಕಿ, ಬೆಳಿಗ್ಗೆ ಎಲ್ಲರೂ ಸುತ್ತ ಕೂತು ಒಂದೊಂದೇ ಕಾಳನ್ನು ಹಿಸುಕಿ ಸಿಪ್ಪೆಯಿಂದ ಬೇಳೆ ಚಿಮ್ಮಿಸುವುದು. ಕಳೆದ ವರ್ಷ ನನ್ನ ನೋವು ಹಸಿಯಾಗಿತ್ತು. ಆ ಊಟದಲ್ಲಿ ಅತ್ತೆ ನನಗೆ ಗಂಜಿ ಇಟ್ಟು ಮೊದಲ ಮುದ್ದೆಯನ್ನು ಅವನ ತಟ್ಟೆಗೆ ಹಾಕಿದ್ದರು. ಅವನು ಅದನ್ನು ಮುರಿಯುವ ಮುಂಚೆ ನನ್ನ ಕಡೆ ತಿರುಗಿ "ಅಣ್ಣ, ನಿನ್ ಪರವಾಗಿ" ಎಂದಿದ್ದ. ಆ ಮಾತಿನಲ್ಲಿ ಕುಹಕವಿರಲಿಲ್ಲ ಎಂದು ಈಗ ಬರೆಯಬಲ್ಲೆ. ಅಂದು ಹಾಗನ್ನಿಸಲಿಲ್ಲ. ಆಮೇಲೆ ವರ್ಷವಿಡೀ, ಹಬ್ಬವಿರಲಿ ತಿಥಿಯಿರಲಿ, ಆ ಮನೆಯಲ್ಲಿ ಮೊದಲ ಮುದ್ದೆ ಅವನದೇ ಆಯಿತು. ಯಾರೂ ತೀರ್ಮಾನ ಮಾಡಿದ್ದಲ್ಲ. ಮುದ್ದೆ ತಿನ್ನದವನಿಗೆ ಮೊದಲ ಮುದ್ದೆ ಕೊಡುವುದು ಹೇಗೆ?

ಅವರೆ ಊಟಕ್ಕೆ ಆರು ದಿನ ಇದ್ದಾಗ, ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಂತು. ಷಡ್ಡಕನದು. ದನಿ ಅವನದೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು, ಅಷ್ಟು ಸಣ್ಣದಾಗಿತ್ತು.

"ಅಣ್ಣ, ಎಲ್ಲಿದ್ದೀಯಾ? ಒಸಿ ಬತ್ತೀಯಾ, ಗೇಟ್ ಹತ್ರ. ಯಾರ್ಗೂ ಹೇಳ್ಬ್ಯಾಡ."

ಕಾರ್ಖಾನೆಯ ಗೇಟಿನ ಎದುರು ಕಾಂಪೌಂಡಿಗೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದ. ಎಡಗೈ ಹೊಟ್ಟೆಯ ಕೆಳಬದಿಯಲ್ಲಿತ್ತು. ಆ ಜಾಗ ನನಗೆ ಚೆನ್ನಾಗಿ ಗೊತ್ತು. ಹಣೆಯಲ್ಲಿ ಬೆವರು. ಆಟೋ ಹತ್ತಿಸಿ ಅವನ ಪಕ್ಕ ಕೂತಾಗ ನನ್ನ ಒಳಗೆ ಏನಾಯಿತು ಎಂಬುದನ್ನೂ ಬರೆಯಬೇಕು. ಸಂತೋಷವಾಯಿತು. ಗಾಬರಿಯೂ ಇತ್ತು, ಆದರೆ ಅದು ಆಮೇಲೆ ಬಂದದ್ದು. ಆಟೋ ಒಂದು ಹಳ್ಳಕ್ಕೆ ಇಳಿದು ಅವನು "ಅಯ್ಯಪ್ಪಾ" ಎಂದಾಗ ಅವನ ಭುಜ ಹಿಡಿದುಕೊಂಡೆ, ಮತ್ತು ಭಾನುವಾರಕ್ಕೆ ಎಷ್ಟು ದಿನವಿದೆ ಎಂದು ಎಣಿಸಿದೆ.

ನನಗೆ ಚಿಕಿತ್ಸೆ ಮಾಡಿದ ಅದೇ ಡಾಕ್ಟರು. ತಮಿಳು ಮನೆಮಾತಿನವರು, ಕನ್ನಡ ಚೆನ್ನಾಗಿ ಆಡುತ್ತಾರೆ. ಸ್ಕ್ಯಾನ್ ಮುಗಿಸಿ, ಕೀವು ಕಟ್ಟಿಲ್ಲ, ಕರುಳು ತೂತಾಗಿಲ್ಲ, ಮಾತ್ರೆಯಲ್ಲೇ ನೋಡೋಣ ಎಂದರು. ಆಮೇಲೆ ಪೆನ್ನು ತೆಗೆದು ಕೇಳಿದರು: "ಇದಕ್ಕೆ ಮುಂಚೆ ಎಷ್ಟು ಸಲ ಬಂದಿತ್ತು?"

"ಒಂದ್ಸಲ, ಎರಡೂವರೆ ವರ್ಷದ ಹಿಂದೆ" ಎಂದೆ ನಾನು, ಅವನ ಪರವಾಗಿ.

ಅವನು ನನ್ನ ಕಡೆ ನೋಡಲಿಲ್ಲ. "ಎರಡ್ಸಲ ಡಾಕ್ಟ್ರೇ. ಇದು ಮೂರನೇದು. ಮಳೆಗಾಲ್ದಾಗೆ ಕೃಷ್ಣಗಿರಿನಾಗೆ ಎರಡ್ ದಿನ ಅಡ್ಮಿಟ್ ಆಗಿದ್ದೆ."

ಎಳನೀರಿನ ಗಾಡಿ ನೆನಪಾಯಿತು. ಕೈಯ ಪಟ್ಟಿ, ಪ್ಲಾಸ್ಟಿಕ್ ಚೀಲ. ಎಲ್ಲ ನನ್ನ ಕಣ್ಣ ಮುಂದೆಯೇ ಇತ್ತು. 'ಅವನಿಗೆ ಮತ್ತೆ ಬರಲೇ ಇಲ್ಲ' ಎಂಬ ಒಂದು ಸಾಲನ್ನು, ಒಬ್ಬನ ಬಾಯಿಂದ ಕೇಳಿದ್ದನ್ನು, ಒಂದು ವರ್ಷ ನಾನು ಸತ್ಯವೆಂದು ಹೊತ್ತು ತಿರುಗಿದ್ದೆ. ಅದರ ಮೇಲೆ ಇಷ್ಟೊಂದು ಹೊಟ್ಟೆಕಿಚ್ಚು ಕಟ್ಟಿದ್ದೆ.

"ನೋವಿನ ಮಾತ್ರೆ ತಗೋತೀರಾ? ಬೆನ್ನಿಗೆ, ಮಂಡಿಗೆ ಅಂತ?" ಡಾಕ್ಟರು ಕೇಳಿದರು.

ಅವನು ಜೇಬಿನಿಂದ ಮಾತ್ರೆಯ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಅರ್ಧ ಖಾಲಿಯಾಗಿತ್ತು.

"ದಿನಾನಾ?"

"ದಿನಾ ಅಂದ್ರೆ... ಶಿಫ್ಟ್ ಇದ್ದ ದಿನ."

"ಇದನ್ನ ಬಿಡಿ ಮೊದಲು. ಈ ತರದ ಮಾತ್ರೆ ಇದಕ್ಕೆ ಒಳ್ಳೇದಲ್ಲ. ಬೆನ್ನಿಗೆ ಬೇರೆ ಕೊಡ್ತೀನಿ." ಆಮೇಲೆ ನನ್ನ ಕಡೆ ತಿರುಗಿದರು. "ನೀವು ನಮ್ಮ ಪೇಷಂಟ್ ಅಲ್ವಾ? ಪೇಪರ್ ಸಾರ್. ಟ್ಯೂಬ್ ಟೆಸ್ಟಿಗೆ ಬರಲೇ ಇಲ್ಲ ನೀವು."

ಬರಲಿಲ್ಲ ಎಂದೆ. ಏನು ತಿನ್ನುತ್ತಿದ್ದೀರಿ ಎಂದು ಕೇಳಿದರು. ಗಂಜಿ, ಕಟ್ಟು, ಬ್ರೆಡ್ಡು, ಬೀಜ ತೆಗೆದ ಟೊಮೆಟೊ ಎಂದು ಒಪ್ಪಿಸಿದೆ. ಅವರು ಪೆನ್ನು ಕೆಳಗಿಟ್ಟರು.

"ಒಂದು ವರ್ಷದಿಂದ?"

"ಒಂದು ವರ್ಷದಿಂದ."

"ಅಯ್ಯೋ, ಯಾರ್ ಸಾರ್ ಹೇಳಿದ್ದು? ಮೆತ್ತಗಿನ ಊಟ ನೋವಿರೋ ಒಂದೆರಡು ವಾರಕ್ಕೆ. ಆಮೇಲೆ ನಾರು ಬೇಕು. ಸೊಪ್ಪು, ಕಾಳು, ರಾಗಿ, ಹಣ್ಣು, ನೀರು, ದಿನಾ ನಡಿಗೆ. ಬೀಜ ಚೀಲದಲ್ಲಿ ಸಿಕ್ಕೊಳ್ಳತ್ತೆ ಅನ್ನೋದು ಹಳೇ ಕಾಲದ ಮಾತು, ನಾವ್ಯಾರೂ ಈಗ ಹೇಳಲ್ಲ. ರಾಗಿ ತಿನ್ನೋ ಊರಲ್ಲಿದ್ದು ಬ್ರೆಡ್ ತಿಂತಿದೀರಾ?"

ಒಂದು ವರ್ಷದಿಂದ ಕಾಡುತ್ತಿದ್ದ ಪ್ರಶ್ನೆಯನ್ನು ಆಗ ಮತ್ತೆ ಕೇಳಿದೆ. "ಹಾಗಾದ್ರೆ ನನಗೆ ಮತ್ತೆ ಬರುತ್ತಾ, ಇಲ್ವಾ? ಒಂದು ಮಾತು ಹೇಳಿ."

"ಒಂದು ಸಲ ಬಂದೋರಲ್ಲಿ ಜಾಸ್ತಿ ಜನಕ್ಕೆ ಮತ್ತೆ ಬರಲ್ಲ ಸಾರ್. ಕೆಲವರಿಗೆ ಬರತ್ತೆ. ಎರಡು ಸಲ ಆದೋರಿಗೆ ಇನ್ನೊಂದು ಸಲ ಆಗೋದು ಸ್ವಲ್ಪ ಹೆಚ್ಚು. ನೀವು ಯಾವ ಕಡೆ ಅಂತ ನಾನು ಹೇಳೋಕಾಗಲ್ಲ, ಯಾರೂ ಹೇಳೋಕಾಗಲ್ಲ. ಪಯಪಡಾದೀಂಗ" ಎಂದು ಭಯ ಬೇಡವೆಂದು ತಮಿಳಿನಲ್ಲಿ ಹೇಳಿ, "ಆದ್ರೆ ಟೆಸ್ಟಿಗೆ ಬನ್ನಿ. ಒಳಗೆ ಬೇರೆ ಏನೂ ಇಲ್ಲ ಅಂತ ನೋಡ್ಕೋಬೇಕು. ಈ ಸಲ ತಪ್ಪಿಸ್ಕೊಂಡ್ರೆ ನಿಮ್ ಪೇಪರಲ್ಲೇ ಹಾಕಿಸ್ತೀನಿ" ಎಂದು ನಕ್ಕರು. ಮುಂದಿನ ತಿಂಗಳಿಗೆ ದಿನ ಗೊತ್ತು ಮಾಡಿದರು.

ಅವನಿಗೆ: ಮಾತ್ರೆ, ಎರಡು ಮೂರು ದಿನ ಬರೀ ನೀರಿನಂಥದ್ದು, ಆಮೇಲೆ ಒಂದೆರಡು ವಾರ ಮೆತ್ತಗಿನ ಊಟ. ಜ್ವರ ಬಂದರೆ, ನೋವು ಏರಿದರೆ ತಕ್ಷಣ ಬರಬೇಕು. ಮುದ್ದೆ, ಕಾಳು, ಖಾರ ಸದ್ಯಕ್ಕೆ ಬೇಡ. ಈ ಸಲ ನಾನು "ಎಲ್ಲಿಯವರೆಗೆ?" ಎಂದು ಕೇಳಿ ಬರೆದುಕೊಂಡೆ.

ಶಿಫ್ಟ್ ಮುಗಿಯುವ ಹೊತ್ತಿನವರೆಗೆ ಅವನು ನನ್ನ ಆಫೀಸಿನಲ್ಲಿ, ಹಳೆಯ ಪತ್ರಿಕೆಗಳ ಕಟ್ಟಿಗೆ ಒರಗಿ ಕೂತಿದ್ದ. ಆಫೀಸೆಂದರೆ ಒಂದು ಕೋಣೆ, ಒಂದು ಫ್ಯಾನು.

"ಯಾಕ್ ಮುಚ್ಚಿಟ್ಟೆ?" ಎಂದೆ.

"ಏನಂತ ಹೇಳನಣ್ಣ?"

"ಹೆಂಡ್ತಿಗೂ ಹೇಳಿಲ್ವಾ?"

"ಅವ್ಳಿಗ್ ಹೇಳಿದ್ರೆ ಅತ್ತೆಗ್ ಹೋಯ್ತದೆ, ಅತ್ತೆಗ್ ಹೋದ್ರೆ ಊರ್ಗೆ ಹೋಯ್ತದೆ." ಸ್ವಲ್ಪ ಹೊತ್ತು ಫ್ಯಾನು ನೋಡಿದ. "ನೀನ್ ನಗ್ಬಾರ್ದು. ಮದ್ವೆ ಆಗಿ ಹದ್ನಾಲ್ಕ್ ವರ್ಷ ನಿನ್ ಪಕ್ಕ ಕೂತು, ನೀನ್ ಯಾವಾಗ ಮುರೀತೀಯ ಅಂತ ಕಾಯ್ತಿದ್ದೆ. ನೀನ್ ಬೇರೆ ಬಿಸಿ ಅಂತ ಊದ್ಕಂಡು, ಹಸುಗೂಸ್ಗೆ ಮುತ್ತಿಕ್ದಂಗೆ ತಿಂತಿದ್ದೆ. ನನ್ ಹೊಟ್ಟೆ ಉರಿಯೋದು. ಹೋದ್ ವರ್ಷ ಅತ್ತೆ ಮೊದಲ್ನೇ ಮುದ್ದೆ ನನ್ ತಟ್ಟೇಗಾಕಿದ್ರು ನೋಡು... ನಂಗೂ ಚೀಲದ್ ನೋವು ಬಂದೈತೆ ಅಂದ್ರೆ ಅದು ವಾಪಸ್ ಹೋಗ್ತದಲ್ಲ. ಬಿಡಕ್ಕೆ ಮನ್ಸ್ ಬರ್ಲಿಲ್ಲ."

ನಾನು ನಗಲಿಲ್ಲ.

"ಭಾನ್ವಾರ ಹೆಂಗೋ ಒಂದ್ ತುತ್ತು ನುಂಗ್ಬುಡ್ತೀನಿ. ನೀನ್ ಹೇಳ್ಬ್ಯಾಡ."

"ಡಾಕ್ಟ್ರು ಏನ್ ಹೇಳಿದ್ರು?"

"ಒಂದ್ ತುತ್ತಣ್ಣ."

ಹೇಳುವುದಿಲ್ಲ ಎಂದು ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ ಎಂಬುದೂ ಸ್ಪಷ್ಟವಿದೆ. ಹೇಳಿದರೆ ಲಾಭ ನನಗೆ. ತನಗೆ ಲಾಭವಿರುವ ಸುದ್ದಿಯನ್ನು ವರದಿಗಾರ ತಾನು ಬರೆಯಬಾರದು, ಬೇರೆಯವರಿಗೆ ಒಪ್ಪಿಸಬೇಕು. ಇದನ್ನು ಒಪ್ಪಿಸಲು ನನಗೆ ಬೇರೆ ಯಾರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲರೂ ಜಗಲಿಯಲ್ಲಿ ಕೂತು ಅವರೆಕಾಳು ಹಿತಕಿದೆವು. ಅವನೂ ಹಿತಕಿದ, ಎಂದಿಗಿಂತ ನಿಧಾನವಾಗಿ. ಬರುವ ಮುಂಚೆ ಮನೆಯಲ್ಲಿ ನಾನು ಹೆಂಡತಿಗೆ, ಡಾಕ್ಟರು ಸಿಕ್ಕಿದ್ದರು, ಮುದ್ದೆ ತಿನ್ನಲು ಹೇಳಿದ್ದಾರೆ ಎಂದಷ್ಟೇ ತಿಳಿಸಿದ್ದೆ. ಅವಳು ಅದನ್ನು ಅಡುಗೆಮನೆಯಲ್ಲಿ ತಾಯಿಗೆ ಹೇಳಿದ್ದಳು. "ಒಂದ್ ಚೂರ್ ಇಕ್ಕನ, ಮೆತ್ತ್‌ಮೆತ್ತಗೆ" ಎಂದಿದ್ದರಂತೆ ಅತ್ತೆ. ಒಂದು ಚೂರು. ಅಂದರೆ ಮೊದಲನೆಯದಲ್ಲ.

ಮಧ್ಯಾಹ್ನ ಸಾಲಾಗಿ ಕೂತೆವು. ಒಳಗೆ ಕೋಲಿನಲ್ಲಿ ಹಿಟ್ಟು ತೊಳಸುವ ಸದ್ದು ನಿಂತಿತು. ಅತ್ತೆ ಹಲಗೆಯ ಮೇಲೆ ನೀರು ಚಿಮುಕಿಸಿ ಮೊದಲ ಮುದ್ದೆ ಕಟ್ಟಿ ತಂದರು. ನನ್ನ ತಟ್ಟೆ ದಾಟಿ ಅವನ ತಟ್ಟೆಗೆ ಹಾಕಿದರು. ನಡುವೆ ಬೆರಳಲ್ಲಿ ಗುಳಿ ಮಾಡಿ ತುಪ್ಪ ಬಿಟ್ಟರು. ಸಾರು ಸುರಿದರು. ಹಿತಕಬೇಳೆಯ ಜೊತೆ ಮೆಣಸಿನ ಘಾಟು ಎದ್ದಿತು.

ಎಲ್ಲರೂ ಅವನ ಕೈ ನೋಡಿದರು. ಅವನು ನನ್ನ ಮುಖ ನೋಡಿದ. ಮುದ್ದೆ ಮುರಿದ. ತುತ್ತು ಸಾರಿನಲ್ಲಿ ಹೊರಳಿತು. ಅವನ ಎಡಗೈ ಮಂಡಿಯ ಮರೆಯಲ್ಲಿ, ಹೊಟ್ಟೆಯ ಆ ಜಾಗದಲ್ಲಿತ್ತು. ನನಗೆ ಮಾತ್ರ ಕಾಣುತ್ತಿತ್ತು.

"ಅತ್ತೆ, ಅವನಿಗೆ ಗಂಜಿ ಮಾಡಿ. ನೋವು ತಿರುಗಿ ಬಂದಿದೆ" ಎಂದೆ.

ಸೌಟು ಹಿಡಿದ ಅತ್ತೆ ಹಾಗೇ ನಿಂತರು. "ಯಾರ್ಗೆ? ಚಿಕ್ಕಳಿಯಂದ್ರಿಗಾ?"

ನನ್ನ ಹೆಂಡತಿ ಎದುರಿನಿಂದ ನನ್ನನ್ನು ನೋಡಿದಳು. "ಏನ್ರೀ ನೀವು. ಒಂದ್ ಮುದ್ದೆಗೋಸ್ಕರ ಚೆನ್ನಾಗಿರೋ ಮನುಷ್ಯನ್ಗೆ ಕಾಯ್ಲೆ ಕಟ್ತೀರಾ? ವರ್ಷದಿಂದ ನೋಡ್ತಿದೀನಿ, ಅವ್ನ್ ತಟ್ಟೇನೇ ಅಳೀತೀರ. ನಿಮ್ ಬುಕ್ಕಲ್ಲಿ ಬರ್ದಿರೋದೂ ನೋಡಿದೀನಿ. ಸೀಬೆಹಣ್ಣು ಮೂರು, ಬೀಜ ಸಮೇತ!"

ನಾದಿನಿ ತಲೆ ತಗ್ಗಿಸಿದಳು. ಹೆಂಡತಿ ಹೇಳಿದ್ದರಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ. ಅವನು ಬಾಯಿ ಬಿಡದಿದ್ದರೆ ಆ ಮನೆಯಲ್ಲಿ ನನ್ನ ಮಾತನ್ನು ನಂಬಲು ಯಾರಿಗೂ ಕಾರಣವಿರಲಿಲ್ಲ. ಅವನಿಗೆ ಸುಮ್ಮನಿರುವುದೇ ಸುಲಭವಾಗಿತ್ತು. ತುತ್ತು ಇನ್ನೂ ಅವನ ಬೆರಳಲ್ಲಿತ್ತು.

ಅವನು ಅದನ್ನು ತಟ್ಟೆಗೆ ಇಳಿಸಿದ. ಎಡಗೈಯಿಂದ ಜೇಬು ತಡಕಿ ಡಾಕ್ಟರು ಕೊಟ್ಟ ಮಾತ್ರೆಯ ಹಾಳೆ ತೆಗೆದು ನೆಲದ ಮೇಲಿಟ್ಟ.

"ಅಣ್ಣ ಸುಳ್ ಹೇಳ್ತಿಲ್ಲ ಅತ್ಗೆ. ಮೂರ್ನೇ ಸಲ ಇದು. ನಾನೇ ಹೇಳ್ಬ್ಯಾಡ ಅಂದಿದ್ದೆ."

"ಮೂರ್ನೇದಾ?" ಎಂದಳು ನಾದಿನಿ. "ಎರಡ್ನೇದು ಯಾವಾಗ್ ಬಂತು?"

"ಟ್ರೈನಿಂಗ್‌ಗೆ ಹೋಗಿದ್ನಲ್ಲ..."

"ನೀನು ಟ್ರೈನಿಂಗ್ ಹೋಗಿದ್ದು ಆಸ್ಪತ್ರೇಗಾ? ಮನೇಗ್ ಬಾ, ನಿಂಗ್ ಸರ್ಟಿಪಿಕೇಟ್ ಕೊಡ್ತೀನಿ."

ಮೊದಲು ಅತ್ತೆ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಗ್ಗಿ ಅವನ ತಟ್ಟೆಯಿಂದ ಮುದ್ದೆಯನ್ನು ಎತ್ತಿದರು. ಮುರಿದ ಭಾಗವನ್ನು ಬೆರಳಲ್ಲಿ ಒತ್ತಿ ಸರಿಮಾಡಿ, ನನ್ನ ತಟ್ಟೆಗೆ ಹಾಕಿದರು. "ತಿನ್ನಿ ದೊಡ್ಡಳಿಯಂದ್ರೆ. ಎಲ್ಲಾರ್ಗೂ ಹಸಿವಾಗೈತೆ" ಎಂದು ಒಳಗೆ ಹೋದರು.

ನಾನು ಮುರಿದೆ. ಒಂದು ವರ್ಷದ ಮೇಲೆ ರಾಗಿಯ ಬಿಸಿ ಬೆರಳಿಗೆ ತಾಕಿತು. ನುಂಗಿದೆ. ಸಾಲಿನಲ್ಲಿ ಕೈಗಳು ತಟ್ಟೆಗೆ ಇಳಿದವು.

ಸ್ವಲ್ಪ ಹೊತ್ತಿಗೆ ಅತ್ತೆ ಗಂಜಿ ತಂದರು. ಕಂಚಿನ ಬಟ್ಟಲು, ಕಳೆದ ವರ್ಷವಿಡೀ ನನಗೆ ಇಡುತ್ತಿದ್ದ ಬಟ್ಟಲು. ನುಚ್ಚಕ್ಕಿ, ಹೆಸರುಬೇಳೆ, ಮೇಲೆ ತುಪ್ಪ. ಅವನ ಪಕ್ಕ ನೆಲದ ಮೇಲೆ ಕೂತು, ಒಂದು ಲೋಟಕ್ಕೆ ಬಗ್ಗಿಸಿ, ಮತ್ತೆ ಬಟ್ಟಲಿಗೆ ಸುರಿದು, ಆರಿಸಿದರು. ಬೆರಳದ್ದಿ ಬಿಸಿ ನೋಡಿದರು. "ಉಪ್ಪು ಸಾಕಾ ನೋಡಪ್ಪ" ಎಂದರು. ನನಗೂ ಹೀಗೇ ಮಾಡುತ್ತಿದ್ದರು. ಆಗ ನಾನು ಪಕ್ಕದ ತಟ್ಟೆ ನೋಡುತ್ತಿದ್ದೆ. ನಾದಿನಿ ಎದ್ದು ಹೋಗಿ ಅವನ ಬೆನ್ನಿಗೆ ಒಂದು ದಿಂಬು ತಂದು ಒತ್ತಿದಳು. ಬಯ್ಯುತ್ತಲೇ ಒತ್ತಿದಳು. ನನ್ನ ಹೆಂಡತಿ ಕೂಡ, ಕೈಯಲ್ಲಿ ತುತ್ತು ಹಿಡಿದು, "ಅಮ್ಮ, ಒಂದ್ ಚೂರ್ ಜೀರ್ಗೆ ಹಾಕಮ್ಮ ಅದಕ್ಕೆ" ಎಂದಳು. ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಸೊರ್ರನೆ ಎಳೆದುಕೊಂಡ.

"ಏನ್ರೀ ಅಲ್ಲಿ ನೋಡ್ತಿದೀರಾ?" ಎಂದಳು ಹೆಂಡತಿ. "ಮುದ್ದೆ ಆರೋಗ್ತದೆ."